ಕೈಗೂ ಕಿವಿಗೂ ನಡುವೆ

ಮನೆಯಲ್ಲಿ ಒಂದು ವಾದ್ಯವಿರುವುದು ಭಾಗ್ಯವೆಂದು ಹಿರಿಯರು ಹೇಳುತ್ತಿದ್ದರು. ಆದರೆ ಆ ವಾದ್ಯವು ಯಾವುದಿರಬೇಕು, ಅದನ್ನು ಯಾರು ಯಾವ ಹೊತ್ತಿನಲ್ಲಿ ನುಡಿಸಬೇಕು ಎಂಬ ವಿಷಯದಲ್ಲಿ ಒಂದೇ ಮನೆಯ ಇಬ್ಬರಲ್ಲಿ ಕೂಡ ಒಮ್ಮತವಿರುವುದು ಅಪರೂಪ. ಕಳೆದ ಬೇಸಗೆಯಲ್ಲಿ ನಮ್ಮ ಮನೆತನದಲ್ಲಿ ಇಂತಹದೊಂದು ವ್ಯಾಜ್ಯವುಂಟಾಗಿ, ಅದನ್ನು ತೀರಿಸಲೆಂದು ಹೋದ ನಾವು ವ್ಯಾಜ್ಯವನ್ನು ಬಿಟ್ಟು ಯಂತ್ರವನ್ನು ಹಿಡಿದು ಕುಳಿತೆವು. ಆ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಹರೆಯದ ಮಕ್ಕಳೂ ವಯಸ್ಸಾದ ತಂದೆತಾಯಿಗಳೂ ಒಂದೇ ಸೂರಿನ ಕೆಳಗೆ ಬಾಳುವ ಮನೆಗಳಿಗೆ ಇದರಿಂದ ಕಿಂಚಿತ್ ಉಪಯೋಗವಾದರೂ ನಮ್ಮ ಶ್ರಮವು ಸಾರ್ಥಕವಾದಂತೆಯೇ.

ನಾವು ಬಸವಕಲ್ಯಾಣದವರು; ನಮ್ಮ ಅಣ್ಣನವರು ಹುಮನಾಬಾದಿನಲ್ಲಿ ನೆಲೆಸಿದ್ದಾರೆ. ಎರಡೂ ಊರುಗಳ ನಡುವೆ ಸುಮಾರು 30 ಕಿಲೋಮೀಟರುಗಳ ಹಾದಿ. ನಮ್ಮಲ್ಲಿ ತಂದೆಯವರ ಕಾಲದ ಹಾರ್ಮೋನಿಯಮ್ಮು, ಅಣ್ಣನವರಲ್ಲಿ ತಬಲಾ. ಇವೆರಡೂ ವರ್ಷಕ್ಕೊಮ್ಮೆಯಾದರೂ, ಮಾರ್ಗಶಿರ ಮಾಸದ ದತ್ತಜಯಂತಿಯ ವೇಳೆಗೆ, ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಕೂಡುತ್ತಿದ್ದವು. ಕಲ್ಯಾಣಕ್ಕೆ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಆದುದರಿಂದ ಆ ಸ್ಥಳದಲ್ಲಿ ಹಾಡಿಕೆಗೂ ಬಾರಿಸುವಿಕೆಗೂ ಎಂದೂ ಬಡತನವಿಲ್ಲ. ಅಲ್ಲಿ ಭಜನೆಯವರ ಹಿಂದೆ ಅಣ್ಣನವರು ತಬಲಾ ಹಿಡಿದು ಕುಳಿತರೆಂದರೆ, ಗಡಿಯಾರವೇ ಅವರ ಠೇಕಾ ನೋಡಿ ತನ್ನನ್ನು ತಿದ್ದಿಕೊಳ್ಳಬೇಕೆಂದು ಜನರು ವಿನೋದ ಮಾಡುತ್ತಿದ್ದರು.

ಎರಡು ವರ್ಷಗಳ ಹಿಂದೆ ಅಣ್ಣನವರಿಗೆ ಲಕ್ವಾ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಬಲಗೈ ಬಲಗಾಲು ಸೋತುವು, ಮಾತು ತಡೆತಡೆದು ಬರತೊಡಗಿತು. ತಬಲಾವನ್ನು ಅತ್ತಿಗೆಯವರು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ ಮಗನು, ತಂದೆಯನ್ನು ನೋಡಿಕೊಳ್ಳುವವರು ಬೇಕೆಂದು ಊರಿಗೆ ಮರಳಿದನು. ಬರುವಾಗ ಅವನು ತಂದುದು ಎರಡೇ ವಸ್ತುಗಳನ್ನು: ಒಂದು ಹಳೆಯ ಲ್ಯಾಪ್‌ಟಾಪು, ಒಂದು ವಿದ್ಯುತ್ ಗಿಟಾರು. ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರು ಕೂಡ ಇದ್ದಿತಂತೆ. ಅದನ್ನು ಔಷಧೋಪಚಾರದ ವೆಚ್ಚಕ್ಕಾಗಿ ಅಲ್ಲಿಯೇ ಮಾರಿ ಬಂದಿದ್ದನು.

ಕಳೆದ ಚೈತ್ರದಲ್ಲಿ ಒಂದು ದಿನ ಅತ್ತಿಗೆಯವರು ಫೋನು ಮಾಡಿ, “ನೀವೊಮ್ಮೆ ಬಂದು ಅವನಿಗಿ ಬುದ್ಧಿ ಹೇಳ್ರಿ. ಆ ಗಿಟಾರ್ ಮನಿಯಾಗ ಇರೋದು ಬ್ಯಾಡ. ಮಾರಿ ಬಿಡಲಿ” ಎಂದರು. ಸತ್ಯವನ್ನು ಮುಚ್ಚಿಡುವುದೇಕೆ? ನಮಗೆ ಈ ಮಾತು ರುಚಿಸಿತು. ರೋಗಿಯಿರುವ ಮನೆಯಲ್ಲಿ ಕರೆಂಟಿನ ವಾದ್ಯದ ಗದ್ದಲವೆಂದರೇನು, ನೆರೆಹೊರೆಯವರು ಏನೆಂದಾರು ಎಂದು ನಾವು ಮೊದಲಿನಿಂದಲೂ ಗೊಣಗುತ್ತಿದ್ದವರೇ. ಪರದೇಶದ ವಾದ್ಯವೆಂಬುದೊಂದು ಆಕ್ಷೇಪವೂ ಮನಸ್ಸಿನಲ್ಲಿದ್ದಿತು. ನಾವು ಬೆರಳಾಡಿಸುವ ಹಾರ್ಮೋನಿಯಮ್ಮು 19ನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದುದೆಂಬುದಾಗಲಿ, ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಹೊರಗಿಟ್ಟು 1971ರಲ್ಲಿ ಆ ನಿಷೇಧವನ್ನು ಸಡಿಲಿಸಿದರೆಂಬುದಾಗಲಿ ಆಗ ನಮ್ಮ ನೆನಪಿಗೆ ಬರಲಿಲ್ಲ.

ಮರುದಿನವೇ ಹೊರಟೆವು. ಬಸ್ಸು ಸಸ್ತಾಪುರ ಬಂಗಲಾದಲ್ಲಿ ಹೆದ್ದಾರಿಯನ್ನು ಹಿಡಿದು ಹೈದರಾಬಾದಿನ ದಿಕ್ಕಿಗೆ ತಿರುಗುವಷ್ಟರಲ್ಲಿ ನಮ್ಮ ಉಪದೇಶದ ಅರ್ಧ ಭಾಗವು ಸಿದ್ಧವಾಗಿತ್ತು. ಹುಮನಾಬಾದಿನಲ್ಲಿ ಇಳಿಯುವಾಗ ಉಳಿದರ್ಧವೂ ಮುಗಿದಿತ್ತು.

ಮನೆಗೆ ಹೋಗಿ ನೀರು ಕುಡಿದು, “ಸಪ್ಪಳ ಬಹಳ ಆಗ್ತದೇನು?” ಎಂದು ಅತ್ತಿಗೆಯವರನ್ನು ಮೆಲ್ಲನೆ ಕೇಳಿದೆವು. ಅವರು ಅಡುಗೆಮನೆಯ ಬಾಗಿಲನ್ನು ಅರೆಮುಚ್ಚಿ, “ಸಪ್ಪಳ ಆದ್ರ ಯಾರು ಬ್ಯಾಡಂತಿದ್ರು? ಸಪ್ಪಳ ಇಲ್ಲ ಅಂಬೋದೇ ತ್ರಾಸ ಆಗ್ಯಾದ” ಎಂದರು. ನಮಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು: ಹುಡುಗನು ರಾತ್ರಿ ತಂದೆಯ ಮಂಚದ ಬಳಿಯೇ ಕುಳಿತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನುಡಿಸುತ್ತಾನೆ. ದನಿಯೆಲ್ಲ ಅವನ ಕಿವಿಗೆ. ಹೊರಗೆ ಕೇಳುವುದು ತಂತಿಯ ಟಿಕ್‌ಟಿಕ್ ಎಂಬ ಸಣ್ಣ ಸದ್ದು ಮಾತ್ರ. ಒಂದು ರಾತ್ರಿ ಅಣ್ಣನವರು ಹೆಂಡತಿಯನ್ನು ಹತ್ತಿರ ಕರೆದು, “ಲಕ್ವಾ ಕಿವಿಗೂ ಹೊಡೀತೇನು? ಹುಡುಗನ ಬೆರಳು ಕಾಣ್ತಾವ, ದನಿ ಕೇಳಿಸವಲ್ದು” ಎಂದು ಕೇಳಿದರಂತೆ. ಹಾಗಲ್ಲವೆಂದು ಇವರು ಎಷ್ಟು ಹೇಳಿದರೂ ನಂಬದೆ, ತಮ್ಮ ಸಮಾಧಾನಕ್ಕಾಗಿ ಸುಳ್ಳಾಡುತ್ತಿದ್ದಾರೆಂದು ತಿಳಿದು ಗೋಡೆಯ ಕಡೆಗೆ ಹೊರಳಿ ಮಲಗಿದರಂತೆ. ಅಂದಿನಿಂದ ಹುಡುಗನು ಗಿಟಾರು ಕೈಗೆತ್ತಿಕೊಂಡರೆ ಅವರು ಮುಖ ತಿರುಗಿಸುತ್ತಿದ್ದರು. ಹುಡುಗನಾದರೋ, ತಂದೆಗೆ ತನ್ನ ವಾದ್ಯವೇ ಹೇಸಿಕೆಯೆಂದು ಭಾವಿಸಿ, ಇನ್ನೂ ಮೆಲ್ಲಗೆ ನುಡಿಸುತ್ತಿದ್ದನು.

ನಮ್ಮ ಉಪದೇಶವು ಅಲ್ಲಿಗೇ ಕರಗಿತು. ಆ ಸಾಯಂಕಾಲ ನಾವೇ ಹೆಡ್‌ಫೋನನ್ನು ತೆಗೆದು ಅಣ್ಣನವರ ಕಿವಿಗಿಟ್ಟು, ಹುಡುಗನಿಗೆ ಬಾರಿಸೆಂದೆವು. ಅಣ್ಣನವರ ಕಣ್ಣು ಒಮ್ಮೆಲೆ ಅರಳಿದವು; ಕಿವಿ ಹೋಗಿರಲಿಲ್ಲ! ಆದರೆ ಮರುಕ್ಷಣವೇ ಹುಬ್ಬು ಗಂಟಿಕ್ಕಿ, “ಡಬ್ಬಿ... ಡಬ್ಬಿ ಬಾರಿಸಿದಂಗ ಅದ” ಎಂದರು. ಹುಡುಗನು ತಲೆ ತಗ್ಗಿಸಿ, “ಹೌದು ಕಾಕಾ. ದನಿ ಹಾಳಾಗ್ಯಾದ. ಮ್ಯಾಲ ಕೈ ಮುಂದ ಹೋಗ್ತದ, ದನಿ ಹಿಂದ ಬರ್ತದ” ಎಂದನು. ಕೆಟ್ಟ ದನಿಯನ್ನು ನಮ್ಮ ಅಣ್ಣನವರು ಜೀವಮಾನದಲ್ಲಿ ಸಹಿಸಿದವರಲ್ಲ. ಇದನ್ನು ಸರಿಪಡಿಸದೆ ಮನೆಗೆ ಹೋಗಬಾರದೆಂದು ನಮಗೆ ಹಟ ಹುಟ್ಟಿತು.

ಇಲ್ಲಿ ವಾದ್ಯದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸಿತಾರದಂತೆ ಈ ಗಿಟಾರಿಗೆ ಟೊಳ್ಳಾದ ಬುರುಡೆಯಿಲ್ಲ. ಒಡಲು ಗಟ್ಟಿ ಮರದ ಹಲಗೆ. ತಂತಿಗಳು ಉಕ್ಕಿನವು. ಅವುಗಳ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ಪೆಂದು ಹೆಸರು. ಉಕ್ಕಿನ ತಂತಿಯು ಕಂಪಿಸಿದಾಗ ಆ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆ ಮಹಾಶಯನು ಕಂಡುಹಿಡಿದ ತತ್ತ್ವವೇ ಇದು. ಅಮೆರಿಕದ ಬೋಶಾಂಪ್ ಮತ್ತು ರಿಕನ್‌ಬಾಕರ್ ಎಂಬವರು ಇದನ್ನು ಗಿಟಾರಿಗೆ ಅಳವಡಿಸಿ 1932ರಲ್ಲಿ ಮಾರಾಟಕ್ಕಿಟ್ಟರು. ಆ ಮೊದಲ ವಾದ್ಯವು ಬಾಣಲೆಯಂತಿದ್ದುದರಿಂದ ಅದಕ್ಕೆ ಬಾಣಲೆಯೆಂದೇ ಅಡ್ಡಹೆಸರು ಬಿದ್ದಿತು. ಈ ಸೂಕ್ಷ್ಮ ವಿದ್ಯುತ್ತನ್ನು ಹಿಗ್ಗಿಸಿ ಹದಗೊಳಿಸುವುದು ಆಂಪ್ಲಿಫೈಯರಿನ ಕೆಲಸ. ಅದೇ ಕೆಲಸವನ್ನು ಇಂದು ಕಂಪ್ಯೂಟರಿನೊಳಗಿನ ಸಾಫ್ಟ್‌ವೇರು ಲೆಕ್ಕದ ಮೂಲಕ ಮಾಡಬಲ್ಲದು.

ಹುಡುಗನು ಗಿಟಾರಿನ ದಪ್ಪ ತುದಿಯ ವೈರಿಗೆ ಒಂದು ಅಗ್ಗದ ಜೋಡಣೆಯನ್ನು ಸಿಕ್ಕಿಸಿ, ನೇರವಾಗಿ ಲ್ಯಾಪ್‌ಟಾಪಿನ ಮೈಕಿನ ರಂಧ್ರಕ್ಕೆ ಹಾಕಿದ್ದನು. ದನಿ ಡಬ್ಬಿಯಾದುದಕ್ಕೆ ಇದೇ ಕಾರಣ. ಸೆಲೆ ಸಣ್ಣದಿರುವ ಬಾವಿಗೆ ದೊಡ್ಡ ಪಂಪು ಹಚ್ಚಿದರೆ ನೀರಿನ ಬದಲು ಕೆಸರು ಬರುವಂತೆ, ಕ್ಷೀಣವಾದ ಪಿಕಪ್ಪಿನಿಂದ ಮೈಕಿನ ರಂಧ್ರವು ತನ್ನ ಅಳವಿಗಿಂತ ಹೆಚ್ಚನ್ನು ಎಳೆಯುವುದು. ಮೇಲಿನ ಸ್ವರಗಳ ಹೊಳಪೆಲ್ಲ ಸೋರಿಹೋಗುವುದು. ಇದಕ್ಕೆಂದೇ ಆಡಿಯೋ ಇಂಟರ್‌ಫೇಸೆಂಬ ಒಂದು ಚಿಕ್ಕ ಪೆಟ್ಟಿಗೆ ದೊರೆಯುವುದು. ವಾದ್ಯಕ್ಕಾಗಿಯೇ ಇರುವ ಅದರ ರಂಧ್ರದ ಪ್ರತಿರೋಧವು ಸುಮಾರು 10 ಲಕ್ಷ ಓಮು. ಅದು ಪಿಕಪ್ಪನ್ನು ಎಳೆಯದೆ, ಅದು ಹೇಳುವುದನ್ನು ಸುಮ್ಮನೆ ಕೇಳಿಸಿಕೊಳ್ಳುವುದು. ಹುಡುಗನ ಹೈದರಾಬಾದಿನ ಗೆಳೆಯನೊಬ್ಬನು ತಾನು ಬಳಸಿದ ಪೆಟ್ಟಿಗೆಯನ್ನು 4,500 ರೂಪಾಯಿಗೆ ಕೊಡಲೊಪ್ಪಿದನು. ಹಣವನ್ನು ನಾವೇ ಕೊಟ್ಟೆವು. ಈ ಸಂಗತಿಯನ್ನು ನಮ್ಮ ಗೃಹಿಣಿಗೆ ಹೇಳುವುದು ಅಂದು ಅವಸರವೆಂದು ತೋರಲಿಲ್ಲ.

ಎರಡನೆಯ ಸಲ ನಾವು ಹೋದಾಗ ಪೆಟ್ಟಿಗೆ ಬಂದಿತ್ತು. ಅದರ ಗುಂಡಿಯನ್ನು ತಿರುಗಿಸಿ, ಎಷ್ಟು ಜೋರಾಗಿ ಮೀಟಿದರೂ ಕೆಂಪು ದೀಪ ಹತ್ತದಂತೆ ಮಟ್ಟವನ್ನು ಹೊಂದಿಸಿಕೊಂಡೆವು. ಆಂಪ್ಲಿಫೈಯರಿನ ಸಾಫ್ಟ್‌ವೇರುಗಳಲ್ಲಿ ಜರ್ಮನಿಯ ಗಿಟಾರ್ ರಿಗ್, ಇಟಲಿಯ ಆಂಪ್ಲಿಟ್ಯೂಬ್ ಮುಂತಾದ ಹೆಸರಾದವು ಇವೆ. ಹಣವಿಲ್ಲದವನಿಗೆ ಉಚಿತವಾದವೂ ಉಂಟು. ಲಿನಕ್ಸ್ ಬಳಸುವವರಿಗೆ ಗಿಟಾರಿಕ್ಸ್, ಎಲ್ಲರಿಗೂ ನ್ಯೂರಲ್ ಆಂಪ್ ಮಾಡೆಲರ್. ಹುಡುಗನು ಈ ಕೊನೆಯದನ್ನು ಆರಿಸಿದ್ದನು. ನಿಜವಾದ ಆಂಪ್ಲಿಫೈಯರಿಗೆ ಹೋದ ದನಿ ಯಾವುದು, ಹೊರಬಂದ ದನಿ ಯಾವುದು ಎಂಬುದನ್ನು ಹೋಲಿಸಿ ಹೋಲಿಸಿ, ಅದರ ನಡವಳಿಕೆಯನ್ನು ಇದು ಕಲಿತಿರುವುದು. ದನಿಯನ್ನು ಹೊರಚೆಲ್ಲುವ ಸ್ಪೀಕರಿನ ಪೆಟ್ಟಿಗೆಯ ಗುಣವನ್ನು ಮತ್ತೊಂದು ಕಡತದಿಂದ ಕೂಡಿಸಬೇಕು. ಬೀದರಿನ ಬಳಿಯ ಅಷ್ಟೂರಿನ ಗುಮ್ಮಟದೊಳಗೆ ಒಮ್ಮೆ ಚಪ್ಪಾಳೆ ತಟ್ಟಿ ಆ ಮಾರ್ದನಿಯನ್ನು ಹಿಡಿದಿಟ್ಟುಕೊಂಡರೆ, ಮುಂದೆ ಯಾವ ಹಾಡನ್ನಾದರೂ ಆ ಗುಮ್ಮಟದಲ್ಲಿ ಹಾಡಿದಂತೆ ಲೆಕ್ಕಹಾಕಿ ಕೇಳಿಸಬಹುದಷ್ಟೆ. ಸ್ಪೀಕರಿನ ಕಡತವೂ ಅದೇ ಉಪಾಯದ್ದು.

ಮೊದಲು ನುಡಿಸಿದಾಗ ಪ್ರತಿಯೊಂದು ಸ್ವರವೂ ಜೋಡಿಯಾಗಿ ಕೇಳಿತು. ಪೆಟ್ಟಿಗೆಯ ಮೇಲೆ, ಗಿಟಾರಿನ ಬರಿಯ ದನಿಯನ್ನು ಕಂಪ್ಯೂಟರಿಗೆ ಹೋಗುವ ಮುನ್ನವೇ ಕಿವಿಗೆ ಕೊಡುವ ಗುಂಡಿಯೊಂದಿರುವುದು. ಅದನ್ನು ಆರಿಸದೆ ಬಿಟ್ಟಿದ್ದೆವು; ಆರಿಸಿದ ಕೂಡಲೆ ಜೋಡಿ ಹೋಯಿತು. ಲ್ಯಾಪ್‌ಟಾಪು ಹಳೆಯದಾದುದರಿಂದ ದನಿಯ ನಡುನಡುವೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದಾಗುತ್ತಿತ್ತು. ಹುಡುಗನು ಬಫರೆಂಬ ಅಂಕವನ್ನು 1024ಕ್ಕೆ ಏರಿಸಿದನು, ಸದ್ದು ನಿಂತಿತು. ದನಿ ತುಂಬಿ ಬಂದಿತು. ನಮಗಂತೂ ಪೂರ್ಣ ತೃಪ್ತಿ. ಹುಡುಗನು ಎರಡೂ ಕಿವಿಗಳಿಗೆ ಹೆಡ್‌ಫೋನು ಹಾಕಿಕೊಂಡು ನುಡಿಸಿ ನೋಡಿ, “ಈಗ ಸರಿ ಆಯ್ತು ಕಾಕಾ” ಎಂದನು.

ಅಣ್ಣನವರಿಗೆ ಕೊಟ್ಟೆವು. ಅವರು ಎಡಗೈಯಿಂದ ಹೆಡ್‌ಫೋನಿನ ಒಂದೇ ಬಟ್ಟಲನ್ನು ಒಂದೇ ಕಿವಿಗೆ ಹಿಡಿದುಕೊಂಡರು. ಒಂದು ಗಳಿಗೆ ಕೇಳಿ, “ದನಿ ಛಲೋ ಅದ” ಎಂದರು. ಅನಂತರ ತಡೆದು ತಡೆದು, “ಖರೇ... ಎರಡು ಪೆಟ್ಟು. ಒಂದಕ್ಕ ಎರಡು ಪೆಟ್ಟು ಬೀಳ್ತಾವ” ಎಂದರು. ಜೋಡಿ ದನಿಯನ್ನು ಆಗಲೇ ಹೋಗಲಾಡಿಸಿದ್ದೆವಲ್ಲ ಎಂದು ನಾವು ವಾದಿಸಿದೆವು. ಅವರು ತಲೆಯಲ್ಲಾಡಿಸಿ, ತೆರೆದ ಕಿವಿಯನ್ನು ತೋರಿಸಿ, “ಟಿಕ್... ಢಂ. ಟಿಕ್... ಢಂ” ಎಂದರು. ಆಗ ನಮಗೂ ಹೊಳೆಯಿತು. ತೆರೆದ ಕಿವಿಗೆ ತಂತಿಯ ಟಿಕ್ಕೆಂಬ ಸದ್ದು ನೇರವಾಗಿ ಬರುತ್ತಿತ್ತು. ಮುಚ್ಚಿದ ಕಿವಿಗೆ ಕಂಪ್ಯೂಟರಿನ ದನಿಯು ತಡವಾಗಿ ಬರುತ್ತಿತ್ತು. ಎರಡೂ ಕಿವಿಗಳನ್ನು ಮುಚ್ಚಿಕೊಂಡ ಮಗನಿಗೆ ಕೇಳದುದು ಹಾಸಿಗೆ ಹಿಡಿದ ತಂದೆಗೆ ಕೇಳಿತ್ತು.

ಈ ವಿಳಂಬದ ಮರ್ಮವನ್ನು ತಿಳಿದರೆ ಅರ್ಧ ಕೆಲಸವು ಮುಗಿದಂತೆ. ಕಂಪ್ಯೂಟರು ದನಿಯನ್ನು ಪ್ರವಾಹದಂತೆ ಅರಿಯದು. ಒಂದು ಸೆಕೆಂಡಿಗೆ 48,000 ಸಲ ಅದನ್ನು ಅಳೆದು, ಆ ಅಂಕಗಳನ್ನು ಮಾತ್ರ ಬಲ್ಲದು. ಒಂದೊಂದೇ ಅಂಕವನ್ನು ಸಾಗಿಸದೆ, ಜೋಳವನ್ನು ಚೀಲ ತುಂಬಿ ಒಯ್ಯುವಂತೆ, ಇಂತಿಷ್ಟು ಅಂಕಗಳು ಕೂಡಿದ ಮೇಲೆ ಒಟ್ಟಿಗೆ ಸಾಗಿಸುವುದು. ಆ ಚೀಲವೇ ಬಫರು. ಚೀಲ ದೊಡ್ಡದಾದಷ್ಟೂ ಹಮಾಲನಿಗೆ ಸುಖ. ಆದರೆ ತುಂಬುವವರೆಗೆ ಅಂಗಡಿಯಲ್ಲಿ ಗಿರಾಕಿ ಕಾಯಬೇಕು. ಚೀಲ ಸಣ್ಣದಾದರೆ ಕಾಳು ಬೇಗ ಬರುವುದು; ಆದರೆ ಹಮಾಲನು ಓಡಾಡಿ ಬಸವಳಿದು ಒಂದು ಚೀಲವನ್ನು ಕೆಡವಿದನೆಂದರೆ ಅದೇ ಆ ಚಟಪಟ ಸದ್ದು. 1024 ಅಂಕಗಳ ಚೀಲವು ತುಂಬಲು 21 ಮಿಲಿಸೆಕೆಂಡು ಬೇಕು. ಒಳಗೆ ಬರಲೊಂದು ಚೀಲ, ಹೊರಗೆ ಹೋಗಲೊಂದು ಚೀಲ, ಒಟ್ಟು 43ರ ಸಮೀಪ. ಪೆಟ್ಟಿಗೆಯ ಚಿಲ್ಲರೆ ಕಾಲ ಬೇರೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ನಡೆಯುವುದರಿಂದ, ತನ್ನ ಕೈಯ ಗಿಟಾರನ್ನು ತಾನೇ 15 ಮೀಟರು ದೂರ ನಿಂತು ಕೇಳಿದಂತಾಯಿತು. ಭಜನೆಯಲ್ಲಿ ತಾಳದವನನ್ನು ಅಷ್ಟು ದೂರ ಕೂಡಿಸಿದರೆ ಯಾವ ತಬಲಜಿ ಒಪ್ಪುವನು? 128ರ ಚೀಲವಾದರೆ ಹೋಗಿಬರುವ ಎರಡಕ್ಕೂ 5 ಮಿಲಿಸೆಕೆಂಡು ಮೇಲೆ ಸ್ವಲ್ಪ. ಎಲ್ಲ ಚಿಲ್ಲರೆಯೂ ಕೂಡಿ ಹತ್ತರ ಆಸುಪಾಸು. ಅಂದರೆ ಅದೇ ಕೋಣೆಯ ಮೂಲೆಯಲ್ಲಿ ಆಂಪ್ಲಿಫೈಯರನ್ನು ಇಟ್ಟಂತೆ.

ಆದರೆ ಹಳೆಯ ಹಮಾಲನಿಂದ ಸಣ್ಣ ಚೀಲಗಳನ್ನು ಹೊರಿಸುವುದು ಹೇಗೆ? ಮೂರನೆಯ ಸಲ ಹೋದಾಗ ಇದನ್ನೇ ಹಿಡಿದು ಕುಳಿತೆವು. ವಿಂಡೋಸ್ ಎಂಬ ವ್ಯವಸ್ಥೆಯು ಎಲ್ಲ ತಂತ್ರಾಂಶಗಳ ದನಿಗಳನ್ನೂ ಒಂದೆಡೆ ಬೆರೆಸಿ ಹೊರಗೆ ಬಿಡುವುದು ವಾಡಿಕೆ. ಆ ಸಂತೆಯ ದಾರಿಯನ್ನು ಬಿಟ್ಟು ನೇರವಾಗಿ ಪೆಟ್ಟಿಗೆಗೆ ಹೋಗಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯವರು ಆಸಿಯೋ ಎಂಬ ಒಳದಾರಿಯನ್ನು ಮಾಡಿಟ್ಟಿದ್ದಾರೆ. ಹುಡುಗನು ಪೆಟ್ಟಿಗೆಯನ್ನು ತಯಾರಿಸಿದವರ ಆಸಿಯೋ ಡ್ರೈವರನ್ನೇ ಹಾಕಿದ್ದನೋ ಇಲ್ಲವೋ ಎಂದು ನೋಡಿದೆವು, ಹಾಕಿದ್ದನು. ವೈಫೈ ಆರಿಸಿದೆವು, ಅದು ಆಗಾಗ ಹಮಾಲನ ಅಂಗಿ ಹಿಡಿದು ನಿಲ್ಲಿಸುತ್ತಿತ್ತು. ಹಿಂದೆ ತೆರೆದಿದ್ದ ಬ್ರೌಸರುಗಳನ್ನು ಮುಚ್ಚಿದೆವು. ವಿದ್ಯುತ್ ಉಳಿಸುವ ವ್ಯವಸ್ಥೆಯನ್ನು ತೆಗೆದು ಪೂರ್ಣ ವೇಗದಲ್ಲಿಟ್ಟೆವು. ಆಂಪ್ಲಿಫೈಯರಿನ ಮಾದರಿಗಳಲ್ಲಿ ಭಾರವಾದವೂ ಹಗುರವಾದವೂ ಇರುವುದರಿಂದ ಹಗುರವಾದುದನ್ನು ಆರಿಸಿದೆವು. 512, 256, 128 ಎಂದು ಒಂದೊಂದೇ ಮೆಟ್ಟಿಲಿಳಿದು ಪರೀಕ್ಷಿಸಿದೆವು; 64ಕ್ಕೆ ಸಾಸಿವೆ ಮತ್ತೆ ಸಿಡಿಯಿತು; 128ರಲ್ಲಿ ನಿಂತೆವು.

ಚಟಪಟ ಹೋದರೂ ಗುಂಯ್ ಎಂಬ ಸದ್ದೊಂದು ಉಳಿಯಿತು. ತಂತಿಯನ್ನು ಕೈಯಿಂದ ಮುಟ್ಟಿದರೆ ತಗ್ಗುವುದು, ಬಿಟ್ಟರೆ ಏರುವುದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ ತಿರುಗುವುದು. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟಿನ ಚೋಕು, ಲ್ಯಾಪ್‌ಟಾಪಿನ ಚಾರ್ಜರು ಇವೆಲ್ಲದರ ಗೊಣಗಾಟವೂ ಪಿಕಪ್ಪಿನ ಸುರುಳಿಯಲ್ಲಿ ಸಿಕ್ಕಿಬೀಳುವುದು. ಹುಡುಗನನ್ನು ಕುಳಿತಲ್ಲೇ ಸ್ವಲ್ಪ ಓರೆಗೆ ತಿರುಗಿಸಿದೆವು; ಅರ್ಧ ತಗ್ಗಿತು. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದೆವು, ಇನ್ನೂ ತಗ್ಗಿತು. ಉಳಿದ ಭಾಗಕ್ಕೆ ಕಾರಣವು ಹಿತ್ತಿಲಲ್ಲಿ ದೊರೆಯಿತು. ಮನೆಯ ಅರ್ಥಿಂಗಿನ ಗುಂಡಿಯು ಬೇಸಗೆಯ ಬಿಸಿಲಿಗೆ ಒಣಗಿ ಬಿರುಕುಬಿಟ್ಟಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸಡಿಲವಾಗಿದ್ದ ವೈರನ್ನು ಬಿಗಿಸಿ, ಇದ್ದಿಲು ಉಪ್ಪು ಹಾಕಿಸಿ, ನಾಲ್ಕು ಕೊಡ ನೀರು ಹೊಯ್ಸಿದೆವು. ಗಿಟಾರಿನ ತಂತಿಗಳು ನುಡಿಸುವವನ ಮೈಯನ್ನು ಭೂಮಿಗೆ ಜೋಡಿಸುವುವಾದುದರಿಂದ, ಅರ್ಥಿಂಗು ಕೆಟ್ಟ ಮನೆಯಲ್ಲಿ ವಿದ್ಯುತ್ ಗಿಟಾರು ನುಡಿಸುವುದು ಬರಿಯ ಗುಂಯ್‌ಕಾರದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಗೃಹಸ್ಥರು ಇದೊಂದನ್ನು ಮಾತ್ರ ಅಲಕ್ಷ್ಯಮಾಡಬಾರದು.

ಅಂದು ಸಂಜೆ ಮತ್ತೆ ಅಣ್ಣನವರು ಒಂದು ಕಿವಿ ಮುಚ್ಚಿ ಒಂದು ಕಿವಿ ತೆರೆದು ಕೇಳಿದರು. ಹುಡುಗನು ಐದನೆಯ ತಂತಿಯ ನಾಲ್ಕನೆಯ ಮನೆಯನ್ನು ಷಡ್ಜವಾಗಿ ಹಿಡಿದು ಭೂಪ ರಾಗದ ಐದು ಸ್ವರಗಳನ್ನು ನುಡಿಸಿದನು. ಅದು ಹಾರ್ಮೋನಿಯಮ್ಮಿನ ಕರಿ ಒಂದು. ಅಣ್ಣನವರು ತಬಲಾ ಹೊಂದಿಸುತ್ತಿದ್ದುದು ಅದೇ ಸ್ವರಕ್ಕೆ. ಅದನ್ನು ಮಗನು ನೆನಪಿನಲ್ಲಿಟ್ಟಿದ್ದನೆಂಬುದು ನಮಗೆ ಆಗಲೇ ತಿಳಿದುದು. ಗಾಂಧಾರದಿಂದ ಪಂಚಮಕ್ಕೆ ತಂತಿಯನ್ನೆಳೆದು ಮೀಂಡು ತೆಗೆದಾಗ ಅಣ್ಣನವರ ಎಡಗೈ ಮಂಚದ ಪಟ್ಟಿಯನ್ನು ತಟ್ಟತೊಡಗಿತು. ಬಹಳ ಹೊತ್ತಿನ ಮೇಲೆ, “ಒಂದೇ ಪೆಟ್ಟು” ಎಂದರು. ಆಮೇಲೆ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದರ ಬೆರಳುಗಳು ಆಜ್ಞೆಯಾದ ಎಷ್ಟೋ ಹೊತ್ತಿನ ಮೇಲೆ ತುಸು ಅಲುಗುವುದನ್ನು ನೋಡುತ್ತ, “ತಮ್ಮಾ, ಈ ಕೈಗೂ ಇಂಥಾದೊಂದು ಪೆಟ್ಟಗಿ ಸಿಗ್ತದೇನು?” ಎಂದು ಕೇಳಿದರು. ನಕ್ಕೇ ಕೇಳಿದರು. ನಾವೂ ನಗಬೇಕೆಂದು ಮಾಡಿದೆವು. ಆದರೆ ಹುಡುಗನು ಗಿಟಾರನ್ನು ಕೆಳಗಿಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದನು. ಯಾರೂ ಮಾತಾಡಲಿಲ್ಲ. ಅತ್ತಿಗೆಯವರು ಎದ್ದುಹೋಗಿ, ಅಟ್ಟದ ಮೇಲಿನ ಸೀರೆಯ ಗಂಟನ್ನು ಇಳಿಸಿದರು.

ಈಗ ಭಾನುವಾರದ ಸಾಯಂಕಾಲಗಳಲ್ಲಿ ಆ ಮನೆಯಲ್ಲಿ ನಡೆಯುವುದಿಷ್ಟು. ಪೆಟ್ಟಿಗೆಗೆ ಒಂದು ಸಣ್ಣ ಸ್ಪೀಕರನ್ನು ವೈರಿನಿಂದಲೇ ಜೋಡಿಸಿದೆ; ವೈರಿಲ್ಲದ ಬ್ಲೂಟೂತಿನವು ತಾವೇ ನೂರಾರು ಮಿಲಿಸೆಕೆಂಡು ತಡ ಮಾಡುವುದುಂಟಾದುದರಿಂದ ಈ ಕೆಲಸಕ್ಕೆ ಬಾರವು. ದನಿಯನ್ನು ಮಾತಿನಷ್ಟೇ ಎತ್ತರದಲ್ಲಿಡುತ್ತಾರೆ. ರಾತ್ರಿ ಹೆಡ್‌ಫೋನಿನಲ್ಲಿ ನುಡಿಸುವಾಗಲೂ ಹುಡುಗನಿಗೆ ಮಿತಿಯನ್ನು ಹೇಳಿದ್ದೇವೆ. 80 ಡೆಸಿಬೆಲ್ಲಿನ ದನಿಯನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಅಣ್ಣನವರು ಎಡಗೈಯ ಡಗ್ಗಾವನ್ನು ಮುಂದಿಟ್ಟುಕೊಂಡು ತೀನತಾಲದ 16 ಮಾತ್ರೆಗಳನ್ನು ಹಿಡಿಯುತ್ತಾರೆ. ತಬಲಾ ಬಲ್ಲವರಿಗೆ ತಿಳಿದಿರುವಂತೆ, ಖಾಲಿಯ ಭಾಗ ಬಂದಾಗ ಡಗ್ಗಾ ಸುಮ್ಮನಾಗಿ, ಬಲಗೈಯ ಬೋಲುಗಳು ಮಾತ್ರ ನುಡಿಯಬೇಕು. ಆ ಸ್ಥಳದಲ್ಲಿ ಹುಡುಗನು ತನ್ನ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದು, ಆ ಬೋಲುಗಳನ್ನು ಟಕಟಕನೆ ಮೀಟುತ್ತಾನೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟುದಿಲ್ಲ.

ನಮ್ಮ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಗ್ರಂಥದ ನೂರು ಅಧ್ಯಾಯಗಳಲ್ಲಿ ಗೀತವಿನೋದಕ್ಕೂ ವಾದ್ಯವಿನೋದಕ್ಕೂ ಸ್ಥಳ ಕೊಟ್ಟನು. ರಾಜ್ಯಭಾರವನ್ನು ಬೋಧಿಸುವ ಪುಸ್ತಕದಲ್ಲಿ ವಾದ್ಯಕ್ಕೇನು ಕೆಲಸವೆಂದು ಅವನಿಗೆ ತೋರಲಿಲ್ಲ. ಮನೆಯಾಳುವ ನಮಗೆ ಮಾತ್ರ ಏಕೆ ತೋರಬೇಕು? ಮಕ್ಕಳ ಕೋಣೆಯಿಂದ ಗದ್ದಲ ಬಂದರೆ ಗದರುವೆವು. ಏನೂ ಕೇಳದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಸುಮ್ಮನಿರುವೆವು. ಆ ಮನೆಯಲ್ಲಿ ಏನೂ ಕೇಳದಿದ್ದಾಗಲೇ ಮೂವರು ಮೂರು ಬಗೆಯಾಗಿ ನೊಂದುಕೊಳ್ಳುತ್ತಿದ್ದರು. ಒಮ್ಮೆ ಹೆಡ್‌ಫೋನನ್ನು ಬೇಡಿ ತೆಗೆದುಕೊಂಡು ಕಿವಿಗಿಟ್ಟುಕೊಳ್ಳುವುದಕ್ಕೆ ಯಾವ ವೆಚ್ಚವೂ ಇಲ್ಲ.

ಕಳೆದ ವಾರ ಅತ್ತಿಗೆಯವರಿಗೆ, “ಗಿಟಾರು ಮಾರುವ ಮಾತು ಏನಾಯಿತು?” ಎಂದು ವಿನೋದಕ್ಕೆ ಕೇಳಿದೆವು. “ಮಾರೋ ಮಾತು ಯಾರು ತೆಗೆದಿದ್ರು?” ಎಂದು ಅವರು ನಮ್ಮನ್ನೇ ಗದರಿದರು. ಅಷ್ಟರಲ್ಲಿ ಹುಡುಗನು, “ಕಾಕಾ ಪೆಟ್ಟಗಿ ಕೊಡಿಸಿದ ಮ್ಯಾಲ ಯಾರು ಮಾರ್ತಾರ?” ಎಂದುಬಿಟ್ಟನು. ನಮ್ಮ ಗೃಹಿಣಿಯೂ ಅಂದು ನಮ್ಮೊಡನೆ ಬಂದಿದ್ದಳು. ಬೆಲೆಯನ್ನು ಕುರಿತ ವಿಚಾರಣೆಯು ಬಸ್ಸಿನಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣದವರೆಗೂ ನಡೆಯಿತು.